ಮೊಣಕಾಲಿಗೂ ಒಂದು ಕೆಲಸ

ಇಬಾದಾನಿನ ಮೊಕೊಲಾ ಬೀದಿಯಲ್ಲಿ ನನ್ನದು ಹೊಲಿಗೆಯಂಗಡಿ.
ಮೂವತ್ತೊಂದು ವರ್ಷ ಕಾಲಿನಿಂದಲೇ ಹೊಟ್ಟೆ ಹೊರೆದವಳು:
ತುಳಿದರೆ ಸೂಜಿ ಓಡಬೇಕು, ಬಿಟ್ಟರೆ ನಿಲ್ಲಬೇಕು,
ಮೊಣಕಾಲು ಒತ್ತಿದರೆ ಬಟ್ಟೆ ಹಿಡಿದ ಉಕ್ಕಿನ ಪಾದ ಮೇಲೇಳಬೇಕು.
ಅದಕ್ಕೇ ಇರಬೇಕು ಗ್ಬೋಲಹಾನ್ ಮಾಮ,
ಕೋಟಿನ ತೋಳು ಗಿಡ್ಡ ಮಾಡಿಸಲು ಬಂದವರು, ಅಂದದ್ದು:
"ಅಬೆಕೆ, ನಿನಗೆ ಇದು ಅರ್ಧ ಬಂದೇಬಿಟ್ಟಿದೆ."
ಉಳಿದರ್ಧ ಎಷ್ಟು ದೊಡ್ಡದೆಂದು ಹೇಳಲಿಲ್ಲ.

ಅದು ಗಿಟಾರೋ, ಇಸ್ತ್ರಿ ಮೇಜೋ!
ನಾಲ್ಕು ಕಾಲು, ಹತ್ತು ತಂತಿ, ಕೆಳಗೆ ಮೂರು ಪೆಡಲು,
ಹೊಟ್ಟೆಯಡಿ ಸರಳು, ಕೊಕ್ಕೆ, ಸ್ಪ್ರಿಂಗು.
ಬಗ್ಗಿ ನೋಡಿದೆ. ನನ್ನ ಹಳೇ ಮಿಷನ್ನಿನ ದಾಯಾದಿ.
ಮದುವೆ, ನಾಮಕರಣ, ಬೆಳಗಿನ ತನಕದ ಜುಜು ಕುಣಿತ,
ಎಲ್ಲೆಲ್ಲೂ ನುಡಿಸಿದ್ದರು ಮಾಮ;
ಬೆವರಿದ ಹಣೆಗೆ ಜನ ನೋಟು ಅಂಟಿಸುತ್ತಿದ್ದರಂತೆ.
ಈಗ ಎಡಗೈ ನಡುಗುತ್ತದೆ.
ನಡುಗಲಿ ಬಿಡು, ಅದೂ ಗಮಕವೇ, ಅನ್ನುತ್ತಾರೆ,
ಬೇಡವೆಂದರೆ ನಿಲ್ಲದ್ದು, ಅಷ್ಟೆ.

ಮೊದಲ ದಿನ ಬೆಕ್ಕು ಅಂಗಡಿ ಬಿಟ್ಟು ಹೋಯಿತು.
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ;
ನಾನೂ ಅಂದೆ.
ಮಾಮ ಕೂತು ನೋಡಿದರು: ನೆಲ ನಿಜಕ್ಕೂ ಡೊಂಕು!
ಆಸೊ-ಒಕೆಯ ಚೂರೊಂದು ಮಡಚಿ ಅದರ ಕಾಲಡಿ ಇಟ್ಟೆವು.
ಆಮೇಲೆ ನೆಪವೇ ಉಳಿಯಲಿಲ್ಲ.

ಎಡಗೈಯಲ್ಲಿ ಉಕ್ಕಿನ ಗುಂಡು.
ಒತ್ತಬಾರದು, ಮಲಗಿದ ಕೂಸಿನ ಬೆನ್ನ ಮೇಲೆ
ಕೈ ಇಟ್ಟಷ್ಟೇ ಭಾರ.
ತಂತಿಯ ಕೆಳಗೆ ಬರೀ ಬಿಳಿ ಗೆರೆಗಳು,
ನೇರ ಮೇಲಿಂದ ನೋಡದಿದ್ದರೆ ಸುಳ್ಳು ಹೇಳುತ್ತವೆ.
ಕೂದಲೆಳೆ ಆಚೆ ಜಾರಿದರೂ ಸ್ವರ ಹಳಸುತ್ತದೆ,
ಮುಚ್ಚಿಟ್ಟು ಮರೆತ ಅಲಸಂದೆ ಸಾರಿನ ಹಾಗೆ.

"ತುಳಿಯುವ ಮೊದಲು ಬಾಯಲ್ಲಿ ಹೇಳು," ಅಂದರು.
ನಮ್ಮ ಮಾತಿನಲ್ಲಿ ಒಕೊ ಎಂದರೆ ಗಂಡ;
ಕೊನೆ ಏರಿಸಿದರೆ ಗುದ್ದಲಿ, ಇಳಿಸಿದರೆ ಬಂಡಿ.
ಮೊದಲ ಪೆಡಲು ತುಳಿದೆ: ಗಂಡ ಗುದ್ದಲಿಯಾದ.
ಮೊಣಕಾಲು ಪಕ್ಕಕ್ಕೆ ತಳ್ಳಿದೆ: ಬಂಡಿ ಹತ್ತಿ ಹೋದ.
ಇಷ್ಟು ವರ್ಷದಲ್ಲಿ ಅವನ ಸುದ್ದಿಯನ್ನು
ಇಷ್ಟು ಚುಟುಕಾಗಿ ಯಾರಿಗೂ ಹೇಳಿರಲಿಲ್ಲ ನಾನು.
ಮಾಮ ನಕ್ಕರು.
ನಾನೂ, ಸ್ವಲ್ಪ ತಡವಾಗಿ.

ಕರೆಂಟು ಹೋಯಿತು. ಆಂಪ್ಲಿಫೈಯರಿನ ಕೆಂಪು ಕಣ್ಣು ಆರಿತು.
ಪಕ್ಕದ ಸಲೂನಿನ ಜನರೇಟರು ಕೆಮ್ಮಿ ಎದ್ದಿತು.
ಹತ್ತು ತಂತಿಗೂ ಸೇರಿ ಈಗ ಒಂದು ಸೊಳ್ಳೆಯಷ್ಟು ದನಿ,
ಕಿವಿ ತಗ್ಗಿಸಿ ನುಡಿಸಿದೆ.
ನುಡಿಸಿದ್ದನ್ನು ನಿಲ್ಲಿಸುವುದೇ ಇನ್ನೂ ಬಂದಿಲ್ಲ:
ಅಂಗೈಯಂಚು ಒರಗಿಸಿ, ದಾರ ಕತ್ತರಿಸಿದ ಹಾಗೆ, ಟಕ್.
ನನ್ನ ಸ್ವರಗಳಿಗೆಲ್ಲ ಬಾಲ,
ಹಿಂದಿನದು ಮುಂದಿನದರ ಕಾಲಿಗೆ ಸುತ್ತಿ
ಎರಡೂ ಬೀಳುತ್ತವೆ.

ಶನಿವಾರದ ಮದುವೆಗೆ ಒಂದೇ ಬಣ್ಣದ ಹದಿನಾಲ್ಕು ಉಡುಪು.
ರಾತ್ರಿ ಮಿಷನ್ನಿಗೆ ಕೂತು ತುಳಿದೆ,
ತುಳಿದು, ಏರುತ್ತದೆಂದು ಒಂದು ಗಳಿಗೆ ಕಾದೆ.
ಸೂಜಿ ತನ್ನ ಪಾಡಿಗೆ ಹೋಯಿತು.
ಮಾಮನ ಕೋಟು ಇನ್ನೂ ಮೊಳೆಯಲ್ಲೇ ಇದೆ,
ತೋಳು ಗಿಡ್ಡವಾಗಿಲ್ಲ.
ಅವರು ಕೇಳಿಲ್ಲ.
ನಾಳೆಯೂ ಕೇಳಲಿಕ್ಕಿಲ್ಲ.