ಗುಂಡಿಗೆ

ಹದಿನೆಂಟು ಅಡಿ ಪಟ್ಟಿ. ಮಂಡಿ ಮೊಹಲ್ಲಾದ ನಜೀರ್ ಸಾಬರು
ಶಾಮಿಯಾನದ ಬಟ್ಟೆಯಲ್ಲಿ ಹೊಲಿದುಕೊಟ್ಟರು.
"ಯಾರ ಸೊಂಟದ ಅಳತೆ ತಾಯಿ ಇದು?" ಎಂದು ನಕ್ಕರು,
ಕೂಲಿ ಹೇಳುವಾಗ ಮಾತ್ರ ನಗಲಿಲ್ಲ.

ಕಪಿಲೆಯ ಎದೆಗೆ ಅದನ್ನು ಬಿಗಿದೆವು.
ಅದಕ್ಕೂ ಮೊದಲು ಬೊಳ್ಳ ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ
ಮುಂಗಾಲ ಸಂದಿಯ ಮಣ್ಣು ತೆಗೆದ;
ನಾನು ಒಂದು ಇಡೀ ಬಾಟಲಿ ಜೆಲ್ ಮೆತ್ತಿದೆ.
ಅಷ್ಟು ದಪ್ಪ ಗೋಡೆಯಾಚೆ ಯಾರೋ
ಅವಸರವಿಲ್ಲದೆ ಭತ್ತ ಕುಟ್ಟುತ್ತಿರುವ ಹಾಗೆ:
ಮೂವತ್ತೊಂದು. ನಿಮಿಷಕ್ಕೆ ಮೂವತ್ತೊಂದೇ.
ನನ್ನದು ಎಂಬತ್ತಾರಿತ್ತು; ಎಣಿಸಿಕೊಂಡು ನಾಚಿದೆ.

ವಸ್ತುಪ್ರದರ್ಶನದ ಮೈದಾನದಲ್ಲಿ ತೋಪುಗಳು ಏಳು.
ಗುಂಡಿಲ್ಲ ಅವಕ್ಕೆ, ಬರೀ ಮದ್ದು.
ನನ್ನ ಚೀಲದಲ್ಲಿರುವುದೂ ಮದ್ದೇ.
"ಆನೆಗಳನ್ನು ಗುಂಡಿಗೆ ಒಗ್ಗಿಸುವ ತಾಲೀಮು"
ಎಂದಿದೆ ಆದೇಶದಲ್ಲಿ.
ಗುಂಡೇ ಇಲ್ಲವಲ್ಲ.
ಉಳಿದದ್ದು ಗುಂಡಿಗೆಯೊಂದೇ.

ಹಳೆಯ ಕಡತ ತಿರುವಿದ್ದೆ ಹಿಂದಿನ ರಾತ್ರಿ:
ಕಪಿಲೆ, ಬೆದರಲಿಲ್ಲ. ಮರುವರ್ಷ, ಬೆದರಲಿಲ್ಲ.
ಒಂಬತ್ತು ವರ್ಷ, ಒಂದೇ ನೀಲಿ ಶಾಯಿ.

ಅವಳ ಪಕ್ಕದಲ್ಲಿ ಹೊಸಬ, ಕೆಂಚ.
ಎರಡು ವರ್ಷದ ಹಿಂದೆ ಆಲೂರಿನ ಕಾಫಿತೋಟದಂಚಿನಲ್ಲಿ
ಹಿಡಿದು ತಂದದ್ದು. ಅವನಿಗೂ ಒಂದು ಪಟ್ಟಿ.
ಕಾಡಿನಲ್ಲಿದ್ದಾಗ ಅವನ ಎದೆ ಎಷ್ಟು ಬಡಿಯುತ್ತಿತ್ತೋ
ಯಾವ ಕಡತದಲ್ಲೂ ಇಲ್ಲ.

ಮೊದಲ ತೋಪು.
ಮರಗಳಲ್ಲಿದ್ದ ಹದ್ದುಗಳೆಲ್ಲ ಒಟ್ಟಿಗೆ ಎದ್ದವು.
ಕೆಂಚ ಘೀಳಿಟ್ಟ, ಸರಪಳಿ ಜಗ್ಗಿದ,
ಹಿಂದೆ ಹಿಂದೆ ಸರಿದು ಲದ್ದಿ ಹಾಕಿದ,
ಮಾವುತನ ಬೈಗುಳಕ್ಕೂ ಬಗ್ಗಲಿಲ್ಲ.
ಫೋನಿನಲ್ಲಿ ಅವನ ಅಂಕಿ ಎಪ್ಪತ್ತಕ್ಕೆ ಹಾರಿ
ಹೊಗೆ ಚದುರುವಷ್ಟರಲ್ಲಿ ನಲವತ್ತಕ್ಕೆ ಬಂತು.
ಅತ್ತು ಹಗುರಾದ ಮಗುವಿನಂತೆ.

ಕಪಿಲೆ ಕಿವಿ ಕೂಡ ಬೀಸಲಿಲ್ಲ.
ಸೊಂಡಿಲು ಚಾಚಿ ಒಂದು ಹಿಡಿ ಹುಲ್ಲು ಬಾಯಿಗಿಟ್ಟಳು.
"ಗಟ್ಟಿಗಿತ್ತಿ!" ಎಂದರು ಕ್ಯಾಮೆರಾದವರು.
ಅರವತ್ತನಾಲ್ಕು.
ಯಂತ್ರ ಕೆಟ್ಟಿರಬೇಕೆಂದು ತಂತಿ ಅದುಮಿ ನೋಡಿದೆ.
ಅರವತ್ತಾರು.

"ಬಾಯಿ ನೋಡಿ ಮೇಡಂ," ಎಂದ ಬೊಳ್ಳ.
"ಹುಲ್ಲು ಇಟ್ಕಂಡವ್ಳೆ. ಅಗೀತಿಲ್ಲ.
ಹೆದ್ರುದ್ರೆ ಇವ್ಳು ಹಂಗೇಯ."
ಇಷ್ಟು ವರ್ಷ ಯಾಕೆ ಹೇಳಲಿಲ್ಲ ಮಾರಾಯ?
"ಯಾರ್ ಕೇಳುದ್ರು? ಎಲ್ರೂ ಸರಪಳಿ ನೋಡ್ಕಂಡು ಬರ್ಕಂಡ್ರು."
ಅವನ ಅಂಗೈ ಅವಳ ಕಿವಿಯ ಹಿಂದೆ,
ನರ ಉಬ್ಬಿದ ಜಾಗದಲ್ಲಿ, ಯಾವಾಗಿನಿಂದಲೋ ಇತ್ತು.
ನಾನು ಅದನ್ನು ಸಲಿಗೆ ಎಂದುಕೊಂಡಿದ್ದೆ.

ಎಂಟನೆಯದು. ಹದಿನಾಲ್ಕನೆಯದು.
ಇಪ್ಪತ್ತೊಂದಕ್ಕೆ ಕೆಂಚನಿಗೆ ಬೇಸರ ಬಂದು
ಮಣ್ಣು ಎರಚಿಕೊಳ್ಳುತ್ತಿದ್ದ.
ಕಪಿಲೆಯ ಬಾಯಲ್ಲಿ ಅದೇ ಹುಲ್ಲು,
ಎರಡೂ ತುದಿ ಹೊರಗೆ, ಹಸುರಾಗಿ.

ನಮೂನೆಯಲ್ಲಿ ಕೇಳಿದ್ದಾರೆ:
ಬೆದರಿತೇ? ಹೌದು, ಇಲ್ಲ. ಒಂದಕ್ಕೆ ಗುರುತು ಹಾಕಿ.
ಪೆನ್ನಿನ ಮುಚ್ಚಳ ತೆಗೆದೆ. ಹಾಕಿದೆ. ತೆಗೆದೆ.
"ನಂದೂ ಒಂದ್ಸಲ ನೋಡಿ," ಎಂದು ಬೊಳ್ಳ ಮಣಿಕಟ್ಟು ಚಾಚಿದ.
ಹಿಡಿದೆ; ನಲವತ್ತರವರೆಗೆ ಎಣಿಸಿದೆ;
ಅಷ್ಟರಲ್ಲಿ ತೋಪು ತೊಳೆಯುವವನ ಬಕೆಟ್ಟು ಢಣ್ಣೆಂದು ಬಿದ್ದು
ಇಬ್ಬರೂ ಬೆಚ್ಚಿದೆವು. ಲೆಕ್ಕ ತಪ್ಪಿತು.
ಮತ್ತೆ ಅವನು ಕೈ ಕೊಡಲಿಲ್ಲ.

ಸಂಜೆ ಅರಮನೆಯ ಕಡೆಗೆ ಸಾಲು ಹೊರಟಿತು.
ಪಟ್ಟಿ ಬಿಚ್ಚುವುದು ಮರೆತಿದ್ದೆವು.
ನನ್ನ ಅಂಗೈಯಲ್ಲಿ ಅವಳು ನಡೆಯುತ್ತಿದ್ದಳು:
ಐವತ್ತೆರಡು. ರಸ್ತೆ ದಾಟುವಾಗ, ಬಸ್ಸಿನ ಹಾರ್ನಿಗೆ, ಐವತ್ತೈದು.
ಕಡಲೆಕಾಯಿ ಗಾಡಿಯ ಹತ್ತಿರ ನಲವತ್ತೇಳು.
ಜಯಮಾರ್ತಾಂಡ ದ್ವಾರದ ನೆರಳಿನಲ್ಲಿ ನಲವತ್ತೊಂದು,
ನಲವತ್ತು,
ಆಮೇಲೆ ಅಂಕಿಯ ಜಾಗದಲ್ಲಿ ಒಂದು ಗೆರೆ. ಸಂಪರ್ಕವಿಲ್ಲ.

ಕಣ್ಣಿಗೆ ಅವಳಿನ್ನೂ ಕಾಣುತ್ತಿದ್ದಳು.
ದವಡೆ ಆಡುತ್ತಿತ್ತೋ ಇಲ್ಲವೋ,
ಅಷ್ಟು ದೂರದಿಂದ, ಹಿಂದಿನಿಂದ,
ಹೇಳಲಾಗಲಿಲ್ಲ.