ಖಾಲಿ

ಜಿಲಾನಿ ಸಾಬರ ಲ್ಯಾಪ್‌ಟಾಪ್ ಮೂರನೆಯ ಸಲ ನನ್ನ ಮೇಜಿಗೆ ಬಂತು,
ಹಳೇ ಲುಂಗಿಯ ತುಂಡಿನಲ್ಲಿ, ಬಿಸಿ ರೊಟ್ಟಿ ಕಟ್ಟಿದ ಹಾಗೆ.
ಮುಟ್ಟಿದರೆ ಖರೇನೇ ಬಿಸಿ.
"ನೂರಕ್ಕ ನೂರು ತುಂಬಸ್ತೀನ್ ಬೇಟಿ.
ಚೌಬಾರಾ ದಾಟಿ ಉಸ್ಮಾನ್ ಗಂಜಿಗೆ ಹೋಗೋದ್ರಾಗ
ಖಾಲಿ."

ಬ್ಯಾಟರಿ ಎರಡು ಸಲ ಬದಲಾಗಿತ್ತು.
ಎರಡನೆಯದು ಹಾಕಿದವಳು ನಾನು, ರೊಕ್ಕ ತಗೊಂಡವಳೂ ನಾನೇ.
ಆ ಮಾತು ಅವರು ಎತ್ತಲಿಲ್ಲ.
ನಾನೂ ಎತ್ತಲಿಲ್ಲ.

ಚಾರ್ಜರಿನ ಮೂಗು ತಿಕ್ಕಿ ನೋಡಿದೆ.
ಫ್ಯಾನಿನ ರೆಕ್ಕೆಗಳಿಂದ ಬೀದರಿನ ಕೆಂಪು ಮಣ್ಣು ಊದಿ ತೆಗೆದೆ,
ಬೆಳಕು ತಗ್ಗಿಸಿದೆ, ಬ್ಲೂಟೂತ್ ಆರಿಸಿದೆ,
ಬ್ಯಾಟರಿಯ ವರದಿ ತೆಗೆಸಿದೆ: ಆರೋಗ್ಯ ತೊಂಬತ್ತನಾಲ್ಕು.
ಗಟ್ಟಿಮುಟ್ಟಾದ ಆಳು ಐವತ್ತೇ ನಿಮಿಷಕ್ಕೆ ಕುಸಿದನೆಂದರೆ
ನಾಡಿ ಹಿಡಿದು ಏನು ಮಾಡುವುದು,
ಬೆನ್ನ ಮೇಲಿನ ಗಂಟು ಬಿಚ್ಚಿ ನೋಡಬೇಕು.

ಏನೂ ತೆರೆಯದೆ ಸುಮ್ಮನಿಟ್ಟು ಕಿವಿಗೊಟ್ಟೆ.
ಫ್ಯಾನು ದಾಲ್ ಮಿಲ್ಲಿನ ಹಾಗೆ ಮೊರೆಯುತ್ತಿತ್ತು.
"ಒಳಗ ಏನು ನಡಸೀರಿ?"
"ಏನೂ ಇಲ್ಲ. ಆ ಹಳೇ ಡಬ್ಬಿ ಅದ ಅಲ್ಲ, ಅದೊಂದೇ.
ಅದೂ ಖಾಲಿ ಕುಂತದ."

ಹಳೇ ಡಬ್ಬಿ ಅಂದರೆ ಯಂತ್ರದೊಳಗೊಂದು ಯಂತ್ರ,
ವರ್ಚುವಲ್ ಮಷಿನ್ ಅನ್ನುತ್ತೇವೆ ಅಂಗಡಿಯವರು.
ಅಂಗೈಯಗಲದ ಚೌಕಟ್ಟಿನಲ್ಲಿ ವಿಂಡೋಸ್ ತೊಂಬತ್ತೆಂಟು,
ಬೂದು ಗುಂಡಿಗಳು, ಮರಳುಗಡಿಯಾರ.
ಲಗ್ನಪತ್ರಿಕೆ ಜೋಡಿಸುವ ಅವರ ಸಾಫ್ಟ್‌ವೇರು
ಅಲ್ಲಿ ಮಾತ್ರ ಉಸಿರಾಡುತ್ತದೆ.
ಎಡದಿಂದ ಕನ್ನಡ ನಡೆದು ಬರುತ್ತದೆ, ಬಲದಿಂದ ಉರ್ದು,
ನಡುವೆ ಒಂದು ಗುಲಾಬಿ, ಎರಡೂ ಅಲ್ಲಿ ನಿಲ್ಲಬೇಕು.
ಹೊಸ ಸಾಫ್ಟ್‌ವೇರಿನಲ್ಲಿ ಗುಲಾಬಿ ಎರಡು ಮಿಲಿಮೀಟರ್ ಜರುಗುತ್ತದೆ.
"ಎರಡೇ ಮಿಲಿಮೀಟರ್, ಯಾರು ನೋಡ್ತಾರ?" ಅಂದಿದ್ದೆ ಹೋದ ಸಲ.
"ನಾ ನೋಡ್ತೀನಲ್ಲ."

ಕೆಲಸಗಳ ಪಟ್ಟಿ ತೆರೆದೆ.
ಖಾಲಿ ಕುಂತ ಡಬ್ಬಿ
ಪ್ರೊಸೆಸರಿನ ಇಡೀ ಒಂದು ಕೋರನ್ನು ನೂರಕ್ಕೆ ನೂರು ತಿನ್ನುತ್ತಿತ್ತು.

ಆಗ ಹೊಳೆಯಿತು, ಮೂರನೆಯ ಸಲಕ್ಕೆ:
ಅದು ಹುಟ್ಟಿದ ಕಾಲದ ಯಂತ್ರಗಳು
ಗೋಡೆಯ ಗೂಟಕ್ಕೆ ಕಟ್ಟಿದ ಎಮ್ಮೆಗಳು,
ಮೇವು ಎಲ್ಲಿಂದ ಬರುತ್ತದೆಂದು ಯಾವ ಎಮ್ಮೆ ಕೇಳೀತು?
ಕೆಲಸವಿಲ್ಲದಾಗ ನಿಲ್ಲುವುದನ್ನು ಯಾರೂ ಕಲಿಸಿರಲಿಲ್ಲ.
ಕೆಲಸ ಅದ ಏನು? ಇಲ್ಲ. ಈಗ ಅದ ಏನು? ಇಲ್ಲ. ಈಗ? ಈಗ?
ಕಣ್ಣು ಮಿಟುಕಿಸುವಷ್ಟರಲ್ಲಿ ಕೋಟಿ ಸಲ
ಬಾಗಿಲಿಗೆ ಓಡಿ, ಓಡಿ ಬಂದು ತನ್ನನ್ನೇ ಕೇಳಿಕೊಳ್ಳುತ್ತಿತ್ತು.
ಮನೆಯ ದೀಪದಲ್ಲಿ ಎಣ್ಣೆ ಎಷ್ಟಿದೆಯೆಂದು
ಒಳಕೋಣೆಯ ಬೀಗನಿಗೆ ಗೊತ್ತಿಲ್ಲ.
ಬತ್ತಿ ಏರಿಸಿಕೊಂಡು ರಾತ್ರಿಯಿಡೀ ಕೂಗು ಬಂದೀತೆಂದು ಕಾಯುತ್ತಾನೆ.

ಮದ್ದು ಸಣ್ಣದು. ಆ ಕಾಲದ್ದೇ ಒಂದು ಪುಟ್ಟ ಪ್ರೋಗ್ರಾಂ,
ಹಳೇ ಸಿಡಿಗಳ ನಡುವೆ ಹುಡುಕಲಿಕ್ಕೆ ಎರಡು ದಿನ,
ಒಳಗೆ ಇಳಿಸಲಿಕ್ಕೆ ಎರಡು ನಿಮಿಷ.
ಅದಕ್ಕೆ ಬರುವುದೇ ಅಷ್ಟು ಮಾತು:
ಕೆಲಸವಿಲ್ಲವೆ, ಕೂಡು. ಕರೆದಾಗ ಏಳು.

ಫ್ಯಾನು ತಗ್ಗಿತು. ತಗ್ಗಿತು.
ನಿಂತಿತು.
ನನ್ನ ಅಂಗಡಿಯ ಗೋಡೆಗಡಿಯಾರಕ್ಕೆ ಸದ್ದಿದೆಯೆಂದು ಅವತ್ತು ಗೊತ್ತಾಯಿತು.
ಜಿಲಾನಿ ಸಾಬರಿಗೆ ಗಾಬರಿ: "ಸತ್ತಿತೇನು?"
"ಇಲ್ಲ್ರಿ. ಖಾಲಿ ಕುಂತದ.
ಈಗ ಖರೇ ಖಾಲಿ ಕುಂತದ."

ಮೂಲೆಯ ಅಂಕಿ ಮೂರು ತಾಸು ಹತ್ತು ನಿಮಿಷ ಅಂದಿತು.
ಅವರು ನಂಬಲಿಲ್ಲ. ಸ್ಟೂಲು ಎಳೆದು ಕೂತುಬಿಟ್ಟರು,
ಮೂರು ತಾಸು ಹತ್ತು ನಿಮಿಷ ಪೂರಾ ನೋಡಲಿಕ್ಕೆ.
ಚಹಾ ತರಿಸಿದೆ, ಆರಿತು, ಮತ್ತೊಂದು ತರಿಸಿದೆ.
ಕೈಗಳೇನೋ ತೊಡೆಯ ಮೇಲೆ ಸುಮ್ಮನಿದ್ದವು,
ಬೆರಳು ಮಾತ್ರ ಬಡಿಯುತ್ತಿದ್ದವು,
ಯಾರದೋ ಲಗ್ನ, ಯಾವುದೋ ತಾರೀಖು.

ಅವರು ನಮಾಜಿಗೆಂದು ಎದ್ದಾಗ
ಬ್ಯಾಟರಿಯ ರೊಕ್ಕ ಎಣಿಸಿ ಲುಂಗಿಯ ಮಡಿಕೆಯಲ್ಲಿ ಸೇರಿಸಿದೆ.
ಪೂರಾ ಅಲ್ಲ, ಅರ್ಧ.
ಅಂಗಡಿಯ ಬಾಡಿಗೆ ಇನ್ನೂ ಕೊಟ್ಟಿರಲಿಲ್ಲ.