ಎಡಗೈಯ ಬಿಸಿಲು

ಗೌನು ಬಂತು ಟ್ರೆಲ್ಯೂ ಪೇಟೆಯಿಂದ,
ಬೂದು ನೀಲಿ, ನೆಲ ಗುಡಿಸುವಷ್ಟು ಉದ್ದ.
ಕೆಳಗೆ ಅಷ್ಟು ಧಾರಾಳ ಬಿಟ್ಟ ದರ್ಜಿ
ಮೇಲೆ ಬರುವಷ್ಟರಲ್ಲಿ ಜಿಪುಣನಾಗಿದ್ದ:
ತೋಳೇ ಇಲ್ಲ.

ಎಲೆರಿ ಚಿಕ್ಕಮ್ಮ ಕನ್ನಡಿಯೆದುರು ನಿಂತಳು.
ಇಪ್ಪತ್ತಾರು ವರ್ಷ ಉಣ್ಣೆ ಮೂಟೆಯ ಲಾರಿ ಓಡಿಸಿದವಳು,
ಬೆಟ್ಟದ ಬುಡದ ಎಸ್ಕೆಲ್‌ನಿಂದ ಕಡಲ ಬಂದರಿಗೆ.
ಹೋಗುವಾಗ ಬಿಸಿಲು ಎಡಕ್ಕೆ,
ಕಿಟಕಿಗೆ ಆನಿಸಿದ ಮೊಣಕೈ ಮೇಲೆ.
ಬರುವಾಗ ಅದು ಪಕ್ಕದ ಸೀಟಿನಲ್ಲಿ ಕೂರುತ್ತಿತ್ತು.
ಆ ಸೀಟು ಯಾವಾಗಲೂ ಖಾಲಿ.

ಈಗ ನೋಡಿದರೆ
ಎಡಗೈ ಕಾದ ಹಂಚು,
ಬಲಗೈ ಹಸಿ ಹಿಟ್ಟು.
ಎಡ ಮಣಿಕಟ್ಟಿಗೆ ವಾಚು ಬಿಟ್ಟುಹೋದ ಬೆಳ್ಳನೆ ಬಳೆ,
ಅಂಗಿಯ ತೋಳು ಮುಗಿಯುತ್ತಿದ್ದಲ್ಲಿ
ಸ್ಕೇಲಿಟ್ಟು ಎಳೆದ ಹಾಗೆ ಒಂದು ಗಡಿ.
"ಮಗುಚಿ ಹಾಕೋಕೆ ಮರೆತ ರೊಟ್ಟಿ," ಅಂದಳು ತಾನೇ,
ನಾವು ಅನ್ನುವ ಮೊದಲು.

ಶಾಲು ಹೊದೆಸಿದೆವು. ಜನವರಿಯ ಸೆಕೆ, ಕಿತ್ತೆಸೆದಳು.
ಉದ್ದ ಕೈಗವಸು ತೊಡಿಸಿದೆವು.
"ಕುರಿಗೆ ಹೆರಿಗೆ ಮಾಡಿಸೋಕೆ ಹೊರಟ ಹಾಗಿದೀನಿ."
ಔಷಧದಂಗಡಿಯಲ್ಲಿ ಮೂರೇ ಬಣ್ಣದ ಪುಡಿ,
ಮೂರೂ ನೆರಳಲ್ಲಿ ಬೆಳೆದ ಹುಡುಗಿಯರದು.

ಕರಿದನ್ನು ಬೆಳ್ಳಗೆ ಮಾಡಲಾಗದಿದ್ದರೆ
ಬಿಳಿಯದನ್ನು ಕಪ್ಪಾಗಿಸೋಣ, ಅಂದೆ ನಾನು.
ಅಜ್ಜಿಯದು ಚಹಾದಂಗಡಿ;
ಗೈಮನ್ ಊರಲ್ಲಿ ಚಹಾಕ್ಕೇನು ಬರ?
ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ ಕುದಿಸಿ, ಆರಿಸಿ,
ಹತ್ತಿ ಅದ್ದಿ ಅದ್ದಿ ಬಲಗೈಗೆ ಹಚ್ಚಿದೆ.
ಒಂದು ಸಲ, ಬಿಸ್ಕತ್ತು.
ಎರಡು ಸಲ, ಬೆಲ್ಲ.
ಮೂರನೆಯ ಸಲಕ್ಕೆ ಎರಡು ಕೈಯೂ ಅಕ್ಕತಂಗಿ.

ಆಗ ಅದು ಮೇಲೆದ್ದಿತು.

ಮೊಣಕೈಯಿಂದ ಭುಜದವರೆಗೆ ಡೊಂಕಾಗಿ, ಹೊಳೆಯುತ್ತಾ,
ನಕಾಶೆಯ ಮೇಲಿನ ನದಿ.
ಇಷ್ಟು ದಿನ ಹಾಲಿಗೆ ಬಿದ್ದ ಬಿಳಿ ನೂಲಿನಂತೆ
ಯಾರ ಕಣ್ಣಿಗೂ ಬೀಳದೆ ಇದ್ದದ್ದು
ಚಹಾ ಕುಡಿಯಲೊಲ್ಲದು.
ಸುತ್ತಲಿನ ಚರ್ಮವೆಲ್ಲ ಕುಡಿದು ಕಪ್ಪಾದರೂ
ಅದೊಂದು ಮಾತ್ರ ಹಟ ಹಿಡಿದ ಮಗು, ಬಾಯಿ ಬಿಗಿದುಕೊಂಡಿದೆ.

"ಸರಪಳಿ," ಅಂದಳು ಚಿಕ್ಕಮ್ಮ.
"ಲಾಸ್ ಪ್ಲೂಮಾಸ್ ಹತ್ತಿರ, ಮೂಟೆ ಬಿಗಿಯುವಾಗ ಹರಿಯಿತು.
ನೀನಿನ್ನೂ ಹುಟ್ಟಿರಲಿಲ್ಲ."
ಆಮೇಲೆ, ಬಾಗಿಲ ಕಡೆ ನೋಡಿ,
"ಅಮ್ಮನಿಗೆ ಗೊತ್ತಿಲ್ಲ."

ಸೋಪು, ನಿಂಬೆ, ಅಡುಗೆ ಸೋಡ.
ಚಹಾ ಕದಲಲಿಲ್ಲ.
ಹೊರಗೆ ಕಾರು ಹಾರನ್ನು ಹೊಡೆಯುತ್ತಿತ್ತು.

ಚಾಪೆಲ್ಲಿನಲ್ಲಿ ಯಾರೂ ಏನೂ ಕೇಳಲಿಲ್ಲ.
ಎಲ್ಲರೂ ಫ್ಲೊರೆನ್ಸಿಯಾಳ ಮುಸುಕನ್ನು ನೋಡಿದರು,
ವರನ ಬೂಟನ್ನು, ಅಳುವ ಯಾವುದೋ ಮಗುವನ್ನು.
ಎಲೆರಿ ಬಲಗೈಯನ್ನು ಗೋಡೆಯ ಕಡೆಗಿಟ್ಟು ಕೂತಳು,
ನಿಂತಳು, ಹಾಡಿದಳು.

ಊಟದ ಮೇಜಿನಲ್ಲಿ ಜಾಗ ಇದ್ದದ್ದು
ಟೆಗ್ವೆನ್ ಅಜ್ಜಿಯ ಎಡಕ್ಕೆ.

ಎಂಬತ್ತೊಂದರ ಅಜ್ಜಿ. ಕನ್ನಡಕ ಒರೆಸಿದಳು, ಹಾಕಿದಳು.
ಲಾರಿ ಕೊಂಡ ದಿನ ಮೂರು ತಿಂಗಳು ಮಾತು ಬಿಟ್ಟಿದ್ದವಳು.
ಆಮೇಲೆ ಪ್ರತಿ ಭಾನುವಾರ ಒಂದೇ ಪ್ರಶ್ನೆ,
"ಏನೂ ಆಗಲಿಲ್ಲ ತಾನೆ?"
ಪ್ರತಿ ಭಾನುವಾರ ಉದ್ದ ತೋಳಿನ ಅಂಗಿ ತೊಟ್ಟು
ಒಂದೇ ಉತ್ತರ.

ಬೆರಳಿಟ್ಟಳು ಮೊಣಕೈಯ ಹತ್ತಿರ,
ಎಸ್ಕೆಲ್‌ನಿಂದ ಹೊರಟವರ ಹಾಗೆ,
ನಿಧಾನ, ಎಲ್ಲೂ ಊರಿಲ್ಲದ ದಾರಿ.
ಭುಜ ತಲುಪುವಷ್ಟರಲ್ಲಿ ಕರಿ ಕೇಕು ಬಂತು,
ತಟ್ಟೆಗಳು ಬಂದವು, ಯಾರೋ ಚಪ್ಪಾಳೆ ತಟ್ಟಿದರು.

"ಎಷ್ಟು ಹೊಲಿಗೆ?"

"ಹತ್ತೊಂಬತ್ತು."

ಅಜ್ಜಿ ಹೆಬ್ಬೆರಳನ್ನು ನಾಲಗೆಗೆ ತಾಗಿಸಿ
ಮಗುವಿನ ಕೆನ್ನೆಯ ಮಸಿ ಒರೆಸುವ ಹಾಗೆ
ಗಾಯದ ಅಂಚಿನಲ್ಲಿ ಒಂದು ಸಲ ತಿಕ್ಕಿದಳು.
ಬೆರಳನ್ನು ಮೂಸಿದಳು.

"ನನ್ನ ಒಳ್ಳೆಯ ಡಬ್ಬದ ಚಹಾ,"
ಅಂದು ಎಳೆದುಕೊಂಡಳು ತಟ್ಟೆಯನ್ನು.
ತನ್ನ ಕೇಕಿನ ಅರ್ಧವನ್ನು
ಚಿಕ್ಕಮ್ಮನ ತಟ್ಟೆಗೆ ದಾಟಿಸಿ
ಸಂಜೆಯವರೆಗೂ ಮಾತಾಡಲಿಲ್ಲ.

ಕೈ ಮಾತ್ರ ಅಲ್ಲೇ ಇತ್ತು,
ಆ ಬಿಳಿ ದಾರಿಯ ಮೇಲೆ,
ಇಳಿಯಲು ಮರೆತ ಪ್ರಯಾಣಿಕನಂತೆ.